ಯಜಮಾನ್ರಿಗೆ ಕೇಳಿಸ್ತಿಲ್ವಂತೆ!

ಈ ವಾರ ಗಾಂಧಿನಗರದ ಗಾಳಿಸುದ್ದಿ ಇಲ್ಲ. ಯಾವ ಚಿತ್ರಕ್ಕೆ ಮುಹೂರ್ತ, ಯಾವ ನಾಯಕಿಗೆ ಮುನಿಸು ಅನ್ನೋದನ್ನೆಲ್ಲ ಪಕ್ಕದ ಪುಟದವರು ನೋಡಿಕೊಳ್ತಾರೆ. ಮೈಕಿನಲ್ಲಿ ನನ್ನ ಬಾಯಿಂದ ಜಾರಿದ ಒಂದು ತಮಾಷೆ ಎರಡು ಮನೆಗಳ ನಡುವೆ ಬೇಲಿ ಹಾಕಿತು. ಇವತ್ತು ಆ ಕಥೆ ಹೇಳಿಬಿಡ್ತೀನಿ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಯಾವುದಾದರೊಂದು ಅಭಿಮಾನಿ ಸಂಘದ ಕಾರ್ಯದರ್ಶಿಯೋ ಖಜಾಂಚಿಯೋ ಆಗಿರ್ತೀರಿ. ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತಿದವರಿಗೆ ಇದು ಬೇಗ ಅರ್ಥವಾದೀತು.

2022ರ ನವೆಂಬರ್. ಅಪ್ಪು ನಮ್ಮನ್ನ ಬಿಟ್ಟು ಹೋಗಿ ಒಂದು ವರ್ಷ ಕಳೆದಿತ್ತು. ಅಕ್ಟೋಬರ್ 28ಕ್ಕೆ ಅವರ 'ಗಂಧದ ಗುಡಿ' ತೆರೆ ಕಂಡಿತ್ತು. ನವೆಂಬರ್ 1ಕ್ಕೆ ವಿಧಾನಸೌಧದ ಮುಂದೆ, ಸುರಿಯೋ ಮಳೆಯಲ್ಲಿ, ಅವರಿಗೆ ಕರ್ನಾಟಕ ರತ್ನ ಕೊಟ್ಟಿದ್ದರು. ಆ ತಿಂಗಳು ರಾಜ್ಯೋತ್ಸವ ಅಂದರೆ ಅಪ್ಪು, ಅಪ್ಪು ಅಂದರೆ ರಾಜ್ಯೋತ್ಸವ! ಅಂಥ ಹೊತ್ತಿನಲ್ಲಿ ವನಗೂರಿನಿಂದ ನನ್ನ ಸೋದರಮಾವನ ಮಗನ ಫೋನು. "ಭಾವ, ನಮ್ಮೂರಲ್ಲಿ ಆರ್ಕೆಸ್ಟ್ರಾ ಇಟ್ಕೊಂಡಿದೀವಿ. ಪತ್ರಿಕೇಲಿ ಬರೀತೀಯ, ನಾಲ್ಕು ಮಾತಾಡೋಕೆ ಬರಲ್ವಾ? ನೀನೇ ನಿರೂಪಣೆ ಮಾಡಬೇಕು." ಎರಡು ಸಾವಿರ ರೂಪಾಯಿ, ಜತೆಗೆ ಅತ್ತೆ ಕೈಯಿನ ಕಡುಬು, ಕೋಳಿಸಾರು. ನಾನು ಬೇಡ ಅನ್ನೋ ಪೈಕಿ ಅಲ್ಲ.

ವನಗೂರು ಗೊತ್ತಿಲ್ಲದವರಿಗೆ ಒಂದು ಮಾತು. ಸಕಲೇಶಪುರದಿಂದ ಬಿಸಿಲೆ ಘಾಟಿ ಕಡೆಗೆ ಹೋಗೋ ಗುಡ್ಡದ ಸೀಮೆ ಅದು. ಮೇಲೆಲ್ಲ ಕಾಫಿ ತೋಟ, ಏಲಕ್ಕಿ, ಮೆಣಸಿನ ಬಳ್ಳಿ. ಕೆಳಗಡೆ ತಗ್ಗಿನಲ್ಲಿ ಗದ್ದೆ. ನವೆಂಬರಿನಲ್ಲಿ ಆ ಗದ್ದೆಯಲ್ಲಿ ಭತ್ತ ಹಾಲುಗಟ್ಟಿ ಬಣ್ಣ ತಿರುಗೋ ಕಾಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಾರ್ಯಕ್ರಮ ಸಂಜೆ ಆರಕ್ಕೆ ಅಂತ ಕರಪತ್ರದಲ್ಲಿ ಅಚ್ಚಾಗಿತ್ತು. ಅತಿಥಿಗಳು ಬಂದಿದ್ದು ಏಳೂಮುಕ್ಕಾಲಿಗೆ. ಆಮೇಲೆ ದೀಪ, ಹಾರ, ಶಾಲು, ಮೈಸೂರು ಪೇಟ. ಒಬ್ಬೊಬ್ಬರದೂ ಒಂದೊಂದು ಭಾಷಣ. ಐದನೆಯವರು "ಸಮಯದ ಅಭಾವದಿಂದ ಎರಡೇ ಮಾತು" ಅಂದು ಇಪ್ಪತ್ತೈದು ನಿಮಿಷ ತಗೊಂಡರು. ಹಾಸನದಿಂದ ಬಂದಿದ್ದ ಗಾಯಕರು ವೇದಿಕೆ ಹಿಂದೆ ಚಳಿಯಲ್ಲಿ ಕೈ ಉಜ್ಜುತ್ತಾ ಕೂತಿದ್ದರು. ಮೊದಲನೇ ಹಾಡು ಶುರುವಾದಾಗ ಗಂಟೆ ಒಂಬತ್ತೂ ಇಪ್ಪತ್ತು! ನಮ್ಮೂರುಗಳಲ್ಲಿ ರಾತ್ರಿ ಹತ್ತರ ಕಾನೂನು ಮುರಿಯೋದು ಹಾಡಲ್ಲ ಸ್ವಾಮಿ, ಭಾಷಣ. ಆದರೆ ಬೈಗುಳ ತಿನ್ನೋದು ಮಾತ್ರ ಹಾಡು.

ಸೌಂಡ್ ಬಾಕ್ಸುಗಳು ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ನಿಂತಿದ್ದವು. ಬೇಸ್ ಹೊಡೆದರೆ ಎದೆಯೊಳಗೆ ಯಾರೋ ತಮಟೆ ಬಾರಿಸಿದ ಹಾಗೆ. ಹತ್ತಾಯಿತು, ಹತ್ತೂವರೆಯೂ ಆಯಿತು. ಹುಡುಗರೆಲ್ಲ ಅಣ್ಣಾವ್ರ ಎಮ್ಮೆ ಹಾಡಿಗೆ "ಒನ್ಸ್ ಮೋರ್" ಕೂಗುತ್ತಿದ್ದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದ್ದು. ಜಿ.ಕೆ. ವೆಂಕಟೇಶ್ ಸಂಗೀತ. ಅಲ್ಲಿಂದ ಮುಂದೆ ಅಣ್ಣಾವ್ರು ತಮ್ಮ ಹಾಡುಗಳನ್ನ ತಾವೇ ಹಾಡಿಕೊಳ್ಳೋದು ವಾಡಿಕೆಯಾಯಿತು. ಐದು ದಶಕ ಆದರೂ ಆ ಹಾಡಿಗೆ ಕಾಲು ಕುಣಿಯದ ಊರಿಲ್ಲ.

ಆಗ ಜನರ ನಡುವೆ ದಾರಿ ಮಾಡಿಕೊಂಡು ಒಬ್ಬ ಯಜಮಾನರು ವೇದಿಕೆ ಹತ್ತಿರ ಬಂದರು. ತಲೆಗೆ ಮಫ್ಲರು, ಕೈಯಲ್ಲಿ ಮೂರು ಸೆಲ್ಲಿನ ಬ್ಯಾಟರಿ, ಮೊಣಕಾಲವರೆಗೂ ಕೆಸರು. ನನ್ನ ಮಾವನ ಮನೆಗೆ ಅಂಟಿದ ಮನೆಯವರೇ. ಕೈ ಮೇಲೆತ್ತಿ ಏನೋ ಹೇಳುತ್ತಿದ್ದರು. ನಾನು ಬಗ್ಗಿ ಕಿವಿ ಕೊಟ್ಟೆ.

"ನಿಲ್ಸಿ ಕಣ್ರಪ್ಪ. ಏನೂ ಕೇಳಿಸ್ತಿಲ್ಲ!"

ಮೈಕು ನನ್ನ ಕೈಯಲ್ಲಿತ್ತು. ಎದುರಿಗೆ ಸಾವಿರ ಜನ. ನಿರೂಪಕನಿಗೆ ಇಂಥ ಅವಕಾಶ ಸಿಕ್ಕರೆ ಬಿಡ್ತಾನಾ?

"ಯಜಮಾನ್ರಿಗೆ ಕೇಳಿಸ್ತಿಲ್ವಂತೆ! ಇನ್ನೊಂಚೂರು ಜಾಸ್ತಿ ಮಾಡ್ರಪ್ಪ!"

ಶಿಳ್ಳೆ! ಚಪ್ಪಾಳೆ! ಸೌಂಡಿನ ಹುಡುಗ ನಿಜವಾಗಿಯೂ ಗುಬುಟು ತಿರುಗಿಸಿಬಿಟ್ಟ. ಯಾವನೋ ಹಿಂದಿನಿಂದ "ಕನ್ನಡ ದ್ರೋಹಿ" ಅಂತಲೂ ಕೂಗಿದ. ಯಜಮಾನರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಬ್ಯಾಟರಿ ಹಾಕಿಕೊಂಡು ಕತ್ತಲಿಗೆ ಇಳಿದು ಹೋದರು. ನಾನು ಮುಂದಿನ ಹಾಡು ಅನೌನ್ಸ್ ಮಾಡಿದೆ. ಅದು 1973ರ 'ಗಂಧದ ಗುಡಿ'ಯದು. ಎಂ.ಪಿ. ಶಂಕರ್ ನಿರ್ಮಾಪಕರು, ವಿಜಯ್ ನಿರ್ದೇಶಕರು, ರಾಜನ್-ನಾಗೇಂದ್ರ ಸಂಗೀತ. ಅಣ್ಣಾವ್ರು ಅರಣ್ಯಾಧಿಕಾರಿ. ಅದೇ ವರ್ಷ ಮೈಸೂರು ರಾಜ್ಯ ಕರ್ನಾಟಕ ಆಗಿದ್ದು ಅಂತೆಲ್ಲ ವಿವರ ಕೊಟ್ಟು ಚಪ್ಪಾಳೆ ಗಿಟ್ಟಿಸಿದೆ. ಹನ್ನೆರಡು ಹೊಡೆದ ಮೇಲೆ ಮಂಗಳ ಹಾಡಿದೆವು.

ಬೆಳಗ್ಗೆ ಅತ್ತೆ ಎಬ್ಬಿಸಿದಾಗ ಕಾಫಿ ಕೊಡಲಿಲ್ಲ. "ಹೋಗಿ ಗದ್ದೆ ನೋಡ್ಕೊಂಡು ಬಾ" ಅಂದರು.

ಯಜಮಾನರದ್ದು ಒಂದೂವರೆ ಎಕರೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ನೆಲಕ್ಕೆ ಒರಗಿತ್ತು. ಕೆಸರಿನಲ್ಲಿ ಬಾಣಲೆಯಷ್ಟಗಲದ ಹೆಜ್ಜೆಗಳು. ರಾತ್ರಿ ಗದ್ದೆಯಂಚಿನ ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಅವರ ಮಗ ಕಾವಲಿಗಿದ್ದ. ಆನೆ ಬರೋದು ಕಣ್ಣಿಗೆ ಕಾಣೋದಲ್ಲ, ಕಿವಿಗೆ ಕೇಳೋದು. ತೋಟದಲ್ಲಿ ಒಣಕಡ್ಡಿ ಮುರಿದ ಸದ್ದು, ಬಿದಿರು ಸೀಳಿದ ಸದ್ದು, ಬೇಲಿ ತಂತಿ ಎಳೆದ ಸದ್ದು. ಅದು ಕೇಳಿಸಿದರೆ ಪಟಾಕಿ ಹಚ್ಚೋಕೆ, ಬೊಬ್ಬೆ ಹಾಕೋಕೆ, ಬೇಕಾದರೆ ಓಡೋಕೆ ಹೊತ್ತು ಸಿಗುತ್ತೆ. ಆವತ್ತು ಕೇಳಿಸಿದ್ದು ನಮ್ಮ ಬೇಸು ಮಾತ್ರ. ಹುಡುಗ ಕೆಳಗೆ ನೋಡಿದಾಗ ಅವು ಅಟ್ಟಣೆಯ ಬುಡದಲ್ಲೇ ನಿಂತಿದ್ದವಂತೆ. ಕಿರುಚಿದರೂ ಯಾರಿಗೆ ಕೇಳುತ್ತೆ? ಬೆಳಕು ಹರಿಯೋವರೆಗೆ ಮರ ತಬ್ಬಿಕೊಂಡು ಕೂತಿದ್ದ.

"ಏನೂ ಕೇಳಿಸ್ತಿಲ್ಲ" ಅಂತ ಯಜಮಾನರು ಹೇಳಿದ್ದು ಇದನ್ನ.

ದೂರದ ಊರಿನ ಮಿತ್ರರು ಆನೆ ಅಂದರೆ ಅಂಬಾರಿ ಅಂದುಕೊಳ್ಳಬಹುದು. ಸಕಲೇಶಪುರ, ಆಲೂರು ಸೀಮೆಯ ಜನಕ್ಕೆ ಅದು ದಿನನಿತ್ಯದ ಲೆಕ್ಕಾಚಾರ. ಹೈಕೋರ್ಟಿನ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆಮೇಲೆ ಈ ಭಾಗದಿಂದ 22 ಆನೆ ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ ಸತ್ತಿದ್ದು ಎಲ್ಲಿ? ಇದೇ ತಾಲ್ಲೂಕಿನ ಯಸಳೂರು ಹೋಬಳಿಯ ದಬ್ಬಳ್ಳಿಕಟ್ಟೆಯಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. ಪಳಗಿದ ಅರ್ಜುನನ ಗತಿಯೇ ಹಾಗಾದರೆ ಅಟ್ಟಣೆ ಮೇಲಿನ ಹುಡುಗನ ಗತಿ ಏನು, ನೀವೇ ಹೇಳಿ.

ಮಧ್ಯಾಹ್ನ ಅಂಗಡಿ ಮುಂದೆ ಪಂಚಾಯ್ತಿ ಸೇರಿತು. ನಾನು ಮೂಲೆಯಲ್ಲಿ ಬೆಂಚಿನ ತುದಿಗೆ ಕೂತಿದ್ದೆ. ಸಂಘದ ಹುಡುಗರೇನು ಸುಮ್ಮನಿರಲಿಲ್ಲ. ಅವರ ಮಾತಿನಲ್ಲಿ ಹುರುಳೂ ಇತ್ತು. "ಹೋಂಸ್ಟೇಗಳಲ್ಲಿ ಬೆಂಗಳೂರಿನೋರು ಶನಿವಾರ ಬಂದ್ರೆ ಡಿಜೆ ಹಾಕ್ಕೊಂಡು ಕುಣೀತಾರೆ. ಅವರಿಗೆ ಹೇಳೋ ಗಂಡಸು ಯಾರೂ ಇಲ್ಲ. ನಾವು ವರ್ಷಕ್ಕೊಂದಿನ ಕನ್ನಡದ ಹಬ್ಬ ಮಾಡಿದ್ರೆ ಕಣ್ಣುರಿ!" ಅಂದ ನಮ್ಮ ಮಾವನ ಮಗ. ಇನ್ನೊಬ್ಬ, "ಘಟ್ಟದ ಕೆಳಗೆ ಕಟೀಲು ಮೇಳದೋರು ಬೆಳಗಾಗೋವರ್ಗೂ ಆಡಲ್ವಾ?" ಅಂದ. ಅದಕ್ಕೆ ಅಂಗಡಿಯಾತ, "ಈ ವರ್ಷದಿಂದ ಅವರೂ ಹತ್ತೂವರೆಗೆ ಮುಗಿಸ್ತಾರಂತೆ ಕಣೋ" ಅಂದ.

ಅದು ನಿಜವೇ. 2022ರ ತಿರುಗಾಟದಿಂದ ಕಟೀಲು ಮೇಳಗಳು ಧ್ವನಿವರ್ಧಕದ ನಿಯಮಕ್ಕೆ ತಲೆಬಾಗಿ ಕಾಲಮಿತಿಗೆ ಬಂದವು. ರಾತ್ರಿಯಿಡೀ ಆಟ ಆಡಿಸ್ತೀವಿ ಅಂತ ಹರಕೆ ಹೊತ್ತವರಿಗೆ ಇದು ಸಹಿಸಲಿಲ್ಲ. ಹೈಕೋರ್ಟಿಗೆ ಹೋದರು. ಶಬ್ದದ ಮಿತಿ ಮೀರಬಾರದು ಅನ್ನೋ ಷರತ್ತಿನ ಮೇಲೆ 2024ರ ಜನವರಿಯಿಂದ ಮತ್ತೆ ಬೆಳಗಿನವರೆಗೆ ಆಟ ಶುರುವಾಯಿತು. ಅಂದರೆ ಚೆಂಡೆ ಬೆಳಗಿನವರೆಗೂ ಬಾರಿಸಬಹುದು, ಆದರೆ ಅಕ್ಕಪಕ್ಕದವರ ಕಿವಿಗೆ ಬೀಗ ಜಡಿಯೋ ಹಾಗಿಲ್ಲ.

ಅವತ್ತಿನ ಪಂಚಾಯ್ತಿಯಲ್ಲಿ ಏನೂ ಇತ್ಯರ್ಥವಾಗಲಿಲ್ಲ. ಯಜಮಾನರ ಕಡೆಯವರು ಪೊಲೀಸ್ ಕಂಪ್ಲೇಂಟ್ ಅಂದರು. ಹುಡುಗರು ಕೊಡ್ರಿ ನೋಡೋಣ ಅಂದರು. ಯಜಮಾನರು ಮಾತ್ರ, "ಕಂಪ್ಲೇಂಟ್ ಕೊಟ್ಟು ನಾಳೆ ಅದೇ ಮನೆಯೋರ ಮುಖ ನೋಡೋದು ಹೆಂಗೆ?" ಅಂತ ಎದ್ದು ಹೋದರು. ಕೊಡಲಿಲ್ಲ. ಆದರೆ ಆವತ್ತಿನಿಂದ ಎರಡು ಮನೆ ಹೆಂಗಸರಿಗೂ ನಲ್ಲಿ ಹತ್ತಿರ ಮಾತು ನಿಂತಿತು. ಮೂವತ್ತು ವರ್ಷ ಸಾರು, ಹುಳಿ, ಮಜ್ಜಿಗೆ ಅತ್ತಿತ್ತ ದಾಟಿದ್ದ ಬೇಲಿಗಂಡಿಗೆ ಯಾರೋ ಮುಳ್ಳು ಎಳೆದರು.

ಬೆಂಗಳೂರಿಗೆ ವಾಪಸ್ ಬಂದರೂ ನನ್ನ ಮನಸ್ಸು ತಡೀಲಿಲ್ಲ. ಪಿಯುಸಿಗೇ ಪುಸ್ತಕ ಮುಚ್ಚಿದ ನಾನು ಸುಪ್ರೀಂ ಕೋರ್ಟಿನ ತೀರ್ಪು ಓದೋಕೆ ಕೂತೆ! 2005ರ ಜುಲೈ 18ರದ್ದು. ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಮತ್ತು ನ್ಯಾಯಮೂರ್ತಿ ಅಶೋಕ್ ಭಾನ್ ಕೊಟ್ಟಿದ್ದು. ಯಾರೋ ನಿದ್ದೆಗೆಟ್ಟ ದೊಡ್ಡ ಮನುಷ್ಯರು ಕೇಸು ಹಾಕಿರಬೇಕು ಅಂದುಕೊಂಡಿದ್ದೆ. ಅಲ್ಲ. ಅರ್ಜಿ ಹಾಕಿದವರು ಒಬ್ಬ ಇಂಜಿನಿಯರು. ಹಾಕೋಕೆ ಕಾರಣ 1998ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಒಂದು ಸುದ್ದಿ. ಹದಿಮೂರು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ. ಆಕೆ ಕೂಗಿಕೊಂಡಳು. ಪಕ್ಕದಲ್ಲೆಲ್ಲೋ ಧ್ವನಿವರ್ಧಕದಲ್ಲಿ ಹಾಡು ಅಬ್ಬರಿಸುತ್ತಿತ್ತು. ಯಾರಿಗೂ ಕೇಳಲಿಲ್ಲ. ಅದೇ ಸಂಜೆ ಆ ಹುಡುಗಿ ಬೆಂಕಿ ಹಚ್ಚಿಕೊಂಡು ತೀರಿಹೋದಳು.

ಓದಿ ಪುಟ ಮಡಿಚಿಟ್ಟೆ. ಅಟ್ಟಣೆಯ ಹುಡುಗ ನೆನಪಾದ. ನಾವೆಲ್ಲ ಸದ್ದಿನ ಜಗಳ ಅಂದರೆ ನಿದ್ದೆಯ ಜಗಳ ಅಂತಲೇ ತಿಳಿದಿದ್ದೀವಿ. ಒಂದು ದಿನ ನಿದ್ದೆ ಕೆಟ್ಟರೆ ಪ್ರಾಣ ಹೋಗುತ್ತಾ ಅಂತ ಕೇಳ್ತೀವಿ. ನಾನೂ ಕೇಳಿದವನೇ. ಆದರೆ ನಮ್ಮ ಬಾಕ್ಸು ನುಂಗೋದು ನಿದ್ದೆಯನ್ನ ಮಾತ್ರ ಅಲ್ಲವಲ್ಲ!

ಸಂಘದ ಗೆಳೆಯರಿಗೆ ಉಪಯೋಗವಾಗಲಿ ಅಂತ ಅಲ್ಲಿ ಇಲ್ಲಿ ಓದಿ ತಿಳಿದದ್ದನ್ನ ಹೇಳ್ತೀನಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಾಯಿಮಾತಿನ "ಮಾಡ್ಕೊಳ್ರಪ್ಪ" ಸಾಲದು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಹಾಕೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದ ಹಾಗೆ ಹನ್ನೆರಡರವರೆಗೆ ಸಡಿಲ ಕೊಡಬಹುದು. ಅದು ಸರ್ಕಾರ ಕೊಡಬೇಕಾದ್ದು, ಸಂಘದ ಅಧ್ಯಕ್ಷ ಅಲ್ಲ. ವಾಸದ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಸಾರ್ವಜನಿಕ ಜಾಗದ ಅಂಚಿನಲ್ಲಿ ಎಷ್ಟೇ ಆದರೂ 75 ದಾಟಬಾರದು. 2022ರ ಮೇ 10ಕ್ಕೆ ನಮ್ಮ ರಾಜ್ಯ ಸರ್ಕಾರವೂ ಇದನ್ನ ಜಾರಿ ಮಾಡಲು ಆದೇಶ ಹೊರಡಿಸಿತ್ತು. ನಾವು ಕುಣಿದಿದ್ದು ಅದಾದ ಆರು ತಿಂಗಳಿಗೆ!

ಡಿಸೆಂಬರಿನಲ್ಲಿ ಒಂದು ಭಾನುವಾರ ಮತ್ತೆ ಬಸ್ಸು ಹತ್ತಿದೆ. ಮಾವನ ಮನೆಗೆ ಹೋಗದೆ ಸೀದಾ ಯಜಮಾನರ ಜಗಲಿಗೆ ಹೋದೆ. ಕಣ ಮಾಡಿ ಉಳಿದಷ್ಟು ಭತ್ತ ಒಣಗಿಸುತ್ತಿದ್ದರು. ಏನು ಹೇಳಬೇಕು ಅಂತ ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡಿದ್ದೆ. ಸಾವಿರ ಜನರ ಮುಂದೆ ತಡವರಿಸದ ನಾಲಿಗೆ ಒಬ್ಬರ ಮುಂದೆ ಒಣಗಿತು. "ತಪ್ಪಾಯ್ತು ಯಜಮಾನ್ರೆ" ಅಂದೆ, ಅಷ್ಟೇ.

ಅವರು ಬೈಯಲೂ ಇಲ್ಲ, ಪರವಾಗಿಲ್ಲ ಅನ್ನಲೂ ಇಲ್ಲ. ಒಳಗಿಂದ ಬೆಲ್ಲದ ಕಾಫಿ ಬಂತು. ಕುಡಿದು ಮುಗಿಸೋವರೆಗೂ ಭತ್ತ ಕೆದಕುತ್ತಾನೇ ಇದ್ದರು. ಆಮೇಲೆ ಅಂದರು: "ಆ ಎಮ್ಮೆ ಹಾಡಿನ ಪಿಚ್ಚರ್ ನಾನು ಟೆಂಟಲ್ಲಿ ನೋಡಿದ್ದೆ ಕಣಪ್ಪ. ಘಂಟಸಾಲನ 'ನಮೋ ವೆಂಕಟೇಶ' ರೆಕಾರ್ಡ್ ಹಾಕಿದ್ರೆ ಟಿಕೆಟ್ ಕೊಡೋಕೆ ಶುರು ಅಂತ ಲೆಕ್ಕ. ಗುಡ್ಡದ ಈಚೆಗೆ ಕೇಳೋದು. ಕೆಲ್ಸ ಬಿಟ್ಟು ಓಡೋವು. ಮೈಕು ಕಂಡ್ರೆ ನಂಗೇನು ಆಗಬಾರ್ದು ಅಂತಿಲ್ಲ."

ಬೇಲಿಗಂಡಿಯ ಮುಳ್ಳು ಆವತ್ತೂ ಹಾಗೇ ಇತ್ತು. ಅತ್ತೆ ಕೇಳಿದ್ದು ಒಂದೇ ಮಾತು: "ಅವರ ಮನೇಲಿ ಕಾಫಿ ಕೊಟ್ರಾ?"

ಮರುವರ್ಷ, 2023ರ ನವೆಂಬರಿನಲ್ಲಿ, ನಿರೂಪಣೆಗೆ ನನ್ನನ್ನೇ ಕರೆದರು. ಬರ್ತೀನಿ, ಆದರೆ ಹಾಡು ಮೊದಲು, ಭಾಷಣ ಆಮೇಲೆ, ಹತ್ತಕ್ಕೆ ಕಟ್ ಅಂದೆ. ಹುಡುಗರು ಗೊಣಗಿದರು. ತೋಟದ ಕೆಲಸ ಮುಗಿಸಿ ಜನ ಬರೋದೇ ಏಳರ ಮೇಲೆ, ಆರಕ್ಕೆ ಶುರು ಮಾಡಿದರೆ ಖಾಲಿ ಕುರ್ಚಿಗೆ ಹಾಡಬೇಕು ಅಂದರು. ಅದು ಸುಳ್ಳೇನಲ್ಲ, ಮೊದಲ ಒಂದು ಗಂಟೆ ಮಕ್ಕಳು ಮಾತ್ರ ಇದ್ದರು. ವಂತಿಗೆಯೂ ಕಡಿಮೆ ಬಿತ್ತು. ಅತಿಥಿಗಳಲ್ಲಿ ಇಬ್ಬರು ಮುನಿಸಿಕೊಂಡು ಬರಲೇ ಇಲ್ಲ. ಭಾಷಣ ಎರಡು ಉಳಿಯಿತು, ಪುಣ್ಯ! ಬಾಕ್ಸುಗಳನ್ನ ಗದ್ದೆಗೆ ಬೆನ್ನು ಮಾಡಿ ರಸ್ತೆ ಕಡೆ ತಿರುಗಿಸಿದ್ದರು. ಬೇಸ್ ಎರಡೇ ಇತ್ತು.

ಆರೂ ಹತ್ತಕ್ಕೆ, ಇನ್ನೂ ಮಬ್ಬು ಬೆಳಕಿರುವಾಗ, ಗಾಯಕನಿಗೆ ಮೊದಲು ಎಮ್ಮೆ ಹಾಡು ಹಾಡು ಅಂದೆ. ಗಣಪತಿ ಸ್ತುತಿ ಆಗಬೇಕಲ್ಲ ಸಾರ್ ಅಂದ. ಅದಾದ ಮೇಲೆ ಅಂದೆ. ಅಂಗಡಿ ಪಕ್ಕದಲ್ಲಿ, ಬಲ್ಬಿನ ಬೆಳಕು ಬೀಳದ ಕಡೆ, ಮಫ್ಲರು ಸುತ್ತಿಕೊಂಡು ಯಜಮಾನರು ನಿಂತಿದ್ದರು. ಹಾಡು ಮುಗಿಯೋವರೆಗೂ ಇದ್ದರು. ಆಮೇಲೆ ಬ್ಯಾಟರಿ ಒಂದ್ಸಲ ಹಾಕಿ, ಆರಿಸಿ, ಸೆಲ್ಲು ಸರಿ ಇದೆಯಾ ನೋಡಿಕೊಂಡು, ಗದ್ದೆ ಕಡೆ ಇಳಿದು ಹೋದರು.