ಬೀಗ ಹಾಕಿದ ಸೈಕಲ್ಲು ಮತ್ತು ಅಚೌರ್ಯಾಣುವ್ರತ

ಬೆಳಗಿನ ರೈಲು ಹಿಡಿಯಬೇಕಾದ ನೌಕರನೊಬ್ಬನು ನಿಲ್ದಾಣದ ಹೊರಗಿನ ಕಂಬಕ್ಕೆ ತನ್ನ ಸೈಕಲ್ಲನ್ನು ಸರಪಳಿಯಿಂದ ಬಿಗಿದು, ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿ ಹೋಗುತ್ತಾನೆ. ಸಂಜೆ ಹಿಂದಿರುಗಿದಾಗ ಬೀಗವಿದೆ, ಸರಪಳಿಯಿದೆ, ಸೀಟಿಲ್ಲ. ಮತ್ತೊಂದು ವಾರ ದೀಪ ಹೋಗುತ್ತದೆ. ಮುಂದಿನ ತಿಂಗಳು ಬೆಲ್ಲು ಮತ್ತು ಪಂಪು. ಒಮ್ಮೊಮ್ಮೆ ಏನನ್ನೂ ಒಯ್ಯದೆ ಸೀಟನ್ನು ಬ್ಲೇಡಿನಿಂದ ಸೀಳಿ, ಚಕ್ರದ ಕಡ್ಡಿಗಳನ್ನು ತುಳಿದು ಬಗ್ಗಿಸಿ ಹೋಗಿರುತ್ತಾರೆ. ಆತನು ಮನೆಯ ತನಕ ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತಾನೆ. ಮರುದಿನ ಅರ್ಧ ದಿವಸದ ಸಂಬಳ ಹೋಗುತ್ತದೆ. ಇಂಥ ಅಲ್ಪ ಸಂಗತಿಯು ಧರ್ಮವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ಬರತಕ್ಕದ್ದೇ ಎಂದು ಕೇಳುವ ಸಜ್ಜನರಿದ್ದಾರೆ. ಅವರು ಸೈಕಲ್ಲು ತುಳಿಯುವುದನ್ನು ಬಿಟ್ಟು ಬಹಳ ವರ್ಷಗಳಾಗಿರಬೇಕು.

ಹೀಗೆ ನಷ್ಟಕ್ಕೊಳಗಾದ ಶ್ರಾವಕನಿಗೆ ಸಮಾಜದಿಂದ ದೊರೆಯುವ ಸಾಂತ್ವನ ಎರಡು ಬಗೆಯದು. ಒಬ್ಬರು, "ಎಲ್ಲೆಂದರಲ್ಲಿ ನಿಲ್ಲಿಸಿದರೆ ಇನ್ನೇನಾಗುತ್ತದೆ?" ಎಂದು ತಪ್ಪನ್ನು ಅವನ ತಲೆಗೇ ಕಟ್ಟುತ್ತಾರೆ. ಇನ್ನೊಬ್ಬರು ಸ್ವಾಧ್ಯಾಯ ಮಾಡಿದವರು. ಅವರು ಅಂತರಾಯ ಕರ್ಮದ ಉದಯವೆಂದು ಸಮಾಧಾನ ಹೇಳುತ್ತಾರೆ. ಕಳೆದುಕೊಂಡವನು ತನ್ನ ಚಿತ್ತಶಾಂತಿಗಾಗಿ ಹಾಗೆ ಚಿಂತಿಸಿದರೆ ಅದು ಶ್ಲಾಘ್ಯವೇ. ಆದರೆ ನೋಡುತ್ತ ನಿಂತವರು ಅದನ್ನು ಹೇಳಿ ಕೈತೊಳೆದುಕೊಳ್ಳುವುದು ಕರ್ಮಸಿದ್ಧಾಂತದ ದುರುಪಯೋಗ. ಕಳೆದುಕೊಂಡವನಲ್ಲಿ ಯಾವ ಕರ್ಮ ಉದಯಕ್ಕೆ ಬಂದಿತೆಂಬುದು ಒಂದು ವಿಚಾರ; ಕೊಡದಿದ್ದುದನ್ನು ತೆಗೆದುಕೊಂಡವನಿಗೂ ಅದನ್ನು ಅವನ ಕೈಯಿಂದ ಕೊಂಡವನಿಗೂ ಆಗುವ ಆಸ್ರವವು ಬೇರೆಯೇ ವಿಚಾರ. ಮೊದಲನೆಯದನ್ನು ದೊಡ್ಡ ದನಿಯಲ್ಲಿ ಹೇಳಿ ಎರಡನೆಯದನ್ನು ಮುಚ್ಚಿಡುವ ಪ್ರವಚನಗಳಿಗೆ ಕೊರತೆಯಿಲ್ಲ.

ಮುಚ್ಚಿಡುವುದಕ್ಕೆ ಕಾರಣವೂ ಇದೆ. ಕಳ್ಳನು ಬಿಚ್ಚಿದ ಸೀಟನ್ನು ತನ್ನ ಮನೆಯಲ್ಲಿಟ್ಟು ಏನು ಮಾಡಿಯಾನು? ಒಂದು ಸೀಟು, ಒಂದು ಚಕ್ರ, ಒಂದು ಜೊತೆ ಪೆಡಲ್ ಅವನಿಗೆ ತಿನ್ನಲು ಬರುವ ವಸ್ತುಗಳಲ್ಲ. ಅವುಗಳಿಗೆ ಬೆಲೆ ಬರುವುದು ಕೊಳ್ಳುವವನಿಂದ. ಆ ಕೊಳ್ಳುವವನು ಹೆಚ್ಚಾಗಿ ಇನ್ನೊಬ್ಬ ಸೈಕಲ್ಲಿನವನೇ; ನಿನ್ನೆ ತನ್ನ ಸೀಟನ್ನು ಕಳೆದುಕೊಂಡು ಇಂದು ಅಗ್ಗದ ಸೀಟನ್ನು ಹುಡುಕುತ್ತಿರುವ ಸಂಭಾವಿತ ಗೃಹಸ್ಥ.

ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ತಯಾರಿಸಿದ 'ಬೈಸಿಕಲ್ ಥೀವ್ಸ್' ಎಂಬ ಇಟಾಲಿಯನ್ ಚಿತ್ರವನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ಯುದ್ಧಾನಂತರದ ರೋಮ್ ನಗರದಲ್ಲಿ ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಕ್ಕ ಬಡವನೊಬ್ಬನ ಸೈಕಲ್ಲು ಮೊದಲ ದಿನವೇ ಕಳುವಾಗುತ್ತದೆ. ಮರುದಿನ ಗೆಳೆಯರು ಹಳೆಯ ಸಾಮಾನಿನ ಸಂತೆಗೆ ಹೋಗಿ ಹುಡುಕುವ ಕ್ರಮವೇ ಗಮನಾರ್ಹವಾದುದು: ಇಡಿಯ ಸೈಕಲ್ಲನ್ನು ಯಾರೂ ಹುಡುಕುವುದಿಲ್ಲ. ಒಬ್ಬರು ಚೌಕಟ್ಟುಗಳನ್ನು, ಒಬ್ಬರು ಟೈರುಗಳನ್ನು, ಪುಟ್ಟ ಮಗನು ಪಂಪು ಮತ್ತು ಬೆಲ್ಲುಗಳನ್ನು ನೋಡುತ್ತ ಹೋಗುತ್ತಾರೆ. ಏಕೆಂದರೆ ಸಂತೆಗೆ ಬರುವ ಹೊತ್ತಿಗೆ ಅದು ಸೈಕಲ್ಲಾಗಿ ಉಳಿದಿರುವುದಿಲ್ಲ. ಚಿತ್ರದ ಕೊನೆಯಲ್ಲಿ ಆ ಬಡವನೇ ಇನ್ನೊಬ್ಬನ ಸೈಕಲ್ಲನ್ನು ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಕಳೆದುಕೊಂಡವನೇ ಕದಿಯುವವನಾಗುವ ಈ ಇಳಿಜಾರಿನ ನಡುವೆ ಇನ್ನೊಂದು ಮೆಟ್ಟಿಲಿದೆ. ಚಿತ್ರವು ಅದನ್ನು ತೋರಿಸದೆ ದಾಟುತ್ತದೆ. ಕದಿಯುವಷ್ಟು ಧೈರ್ಯವಿಲ್ಲದವನು ಕದ್ದುದನ್ನು ಕೊಳ್ಳುತ್ತಾನೆ.

ಜೈನಾಚಾರ್ಯರು ಆ ಮೆಟ್ಟಿಲಿಗೆ ಹೆಸರಿಟ್ಟಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲನೆಯದು ಸ್ತೇನಪ್ರಯೋಗ, ಎರಡನೆಯದು ತದಾಹೃತಾದಾನ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಇದನ್ನೇ ಚೌರಾರ್ಥಾದಾನವೆಂದು ಕರೆದರು. ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿದ ರೀತಿಯನ್ನು ಪ್ರತಿಯೊಬ್ಬ ಶ್ರಾವಕನೂ ಸಂತೆಗೆ ಹೋಗುವ ಮುನ್ನ ನೆನೆಯಬೇಕು. ತಾನು ಪ್ರೇರಿಸದೆ ಇದ್ದರೂ, ತಾನು ಸಮ್ಮತಿಸದೆ ಇದ್ದರೂ, ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದೇ ಈ ದೋಷ. "ಕದಿಯೆಂದು ನಾನು ಹೇಳಲಿಲ್ಲ; ದುಡ್ಡು ಕೊಟ್ಟು ಕೊಂಡೆ" ಎಂಬ ಸಮರ್ಥನೆಗೆ ಸಾವಿರಕ್ಕೂ ಮಿಕ್ಕಿದ ವರ್ಷಗಳ ಹಿಂದೆಯೇ ಬಾಗಿಲು ಮುಚ್ಚಿಯಾಗಿದೆ. ಹೇಳಿಸಿ ಕದಿಸುವುದು ಬೇರೆ ಅತಿಚಾರ; ಗುಜರಿ ಅಂಗಡಿಯಲ್ಲಿ ಕುಳಿತು "ಡೈನಮೊ ತಂದರೆ ಇಷ್ಟು, ಚಕ್ರ ತಂದರೆ ಅಷ್ಟು" ಎಂದು ಹುಡುಗರಿಗೆ ದರ ಹೇಳುವವನು ಆ ವರ್ಗಕ್ಕೆ ಸೇರುತ್ತಾನೆ. ಚೌಕಟ್ಟಿನ ಅಡಿಯಲ್ಲಿ ಒತ್ತಿದ ನಂಬರನ್ನು ಅರದಿಂದ ಉಜ್ಜಿ, ಹೊಸ ಬಣ್ಣ ಬಳಿದು ಮಾರುವವನಿಗೆ ಪ್ರತಿರೂಪಕ ವ್ಯವಹಾರದ ದೋಷವೂ ಕೂಡಿಕೊಳ್ಳುತ್ತದೆ. ಅವರ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಸಂದೇಹವನ್ನು ಬೇಕೆಂದೇ ಉಳಿಸಿಕೊಂಡಿರುವುದು ಮೂರನೆಯವನ ವಿಷಯದಲ್ಲಿ, ಅರ್ಧ ಬೆಲೆಗೆ ಸಿಕ್ಕಿತೆಂದು ಮನೆಯಲ್ಲಿ ಹೇಳಿ ಹೊಗಳಿಸಿಕೊಳ್ಳುವವನ ವಿಷಯದಲ್ಲಿ.

ರಾಜ್ಯಶಾಸನವೂ ಇಲ್ಲಿ ಆಚಾರ್ಯರ ಮಾತನ್ನೇ ಅನುಸರಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ ಮೊದಲ ಸಲದ ಸಾಮಾನ್ಯ ಕಳ್ಳತನಕ್ಕೆ 3 ವರ್ಷಗಳವರೆಗಿನ ಸೆರೆವಾಸವಿದೆ. 317ನೆಯ ಕಲಮಿನಲ್ಲಿ, ಕಳವಿನ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಅದನ್ನು ಪಡೆದವನಿಗೂ 3 ವರ್ಷಗಳವರೆಗೇ. ನಂಬಲು ಕಾರಣವಿದ್ದೂ ಎಂಬ ಮಾತನ್ನು ಗಮನಿಸಬೇಕು. ಹೊಸದರಂತೆ ಹೊಳೆಯುವ ಗೇರ್ ಸೈಕಲ್ಲಿನ ಒಂಟಿ ಮುಂಚಕ್ರವು ರಸ್ತೆಬದಿಯ ಗೋಣಿಚೀಲದ ಮೇಲೆ ಮಾರಾಟಕ್ಕಿದ್ದರೆ, ಅದರ ಹಿಂಚಕ್ರವೂ ಉಳಿದ ಸೈಕಲ್ಲೂ ಎಲ್ಲಿಯೋ ಒಂದು ಕಂಬಕ್ಕೆ ಕಟ್ಟಿ ನಿಂತಿವೆಯೆಂದು ಊಹಿಸಲು ಅವಧಿಜ್ಞಾನ ಬೇಕಾಗಿಲ್ಲ.

ಹಾಗಾದರೆ ಹಳೆಯ ಬಿಡಿಭಾಗಗಳನ್ನೇ ಕೊಳ್ಳಬಾರದೇ ಎಂಬ ಆಕ್ಷೇಪ ಬರುತ್ತದೆ. ಕೊಳ್ಳಬಹುದು; ಹಳೆಯದನ್ನು ಬಳಸುವುದು ಪರಿಗ್ರಹಪರಿಮಾಣಕ್ಕೆ ಅನುಕೂಲವೇ ಆಗಿದೆ. ಪ್ರತಿ ಬಡಾವಣೆಯಲ್ಲಿಯೂ ಪಂಚರ್ ಹಾಕುವ ಒಬ್ಬ ಹಿರಿಯನಿರುತ್ತಾನೆ. ಅವನ ಅಂಗಡಿಯ ಮೂಲೆಯಲ್ಲಿ ಗಿರಾಕಿಗಳು ಬಿಟ್ಟುಹೋದ ಹಳೆಯ ಸೀಟುಗಳು, ಮಡ್‌ಗಾರ್ಡುಗಳು, ಕ್ಯಾರಿಯರುಗಳು ಬಿದ್ದಿರುತ್ತವೆ. ಇದು ಯಾರ ಸೈಕಲ್ಲಿನದು ಎಂದು ಕೇಳಿದರೆ ಆತನು ಹೆಸರು ಹಿಡಿದು ಹೇಳುತ್ತಾನೆ. ಆ ಪ್ರಶ್ನೆಯನ್ನು ಕೇಳುವುದಕ್ಕೆ ಖರ್ಚಿಲ್ಲ. ಉತ್ತರ ಬಾರದಿದ್ದಲ್ಲಿ ಕೊಳ್ಳದೆ ಹಿಂದಿರುಗುವುದಕ್ಕೆ ಮಾತ್ರ ಖರ್ಚಿದೆ. ವ್ರತವೆಂಬುದು ಅಲ್ಲಿಂದಲೇ ಆರಂಭವಾಗುವುದು.

ಬೆಲ್ಲು ಎಷ್ಟರ ವಸ್ತು, ಇದನ್ನು ಸ್ಥೂಲ ಚೌರ್ಯವೆನ್ನಬಹುದೇ ಎಂದು ಲೆಕ್ಕ ಹಾಕುವವರು ಉಂಟು. ಪೂಜ್ಯಪಾದರು ಗೃಹಸ್ಥನ ಈ ವ್ರತವನ್ನು ಹೇಳುವಾಗ ಪರರಿಗೆ ಪೀಡೆಯನ್ನುಂಟುಮಾಡುವುದೆಂಬ ಲಕ್ಷಣವನ್ನು ಮುಂದಿಟ್ಟರು, ರೂಪಾಯಿಯನ್ನಲ್ಲ. ಒಂದು ಪೆಡಲಿಗೆ ಅಂಗಡಿಯಲ್ಲಿ ಬೆಲೆ ಸ್ವಲ್ಪವೇ. ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಆ ಪೆಡಲಿಲ್ಲದೆ ಆರು ಮೈಲಿ ನಡೆಯಬೇಕಾಗಿ ಬಂದರೆ ಪೀಡೆ ಸ್ವಲ್ಪವಲ್ಲ. (ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಸಾಮಾನ್ಯರು ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯುತ್ತದೆ. ಎರಡೂ ಪೆಡಲುಗಳು ಸಲೀಸಾಗಿ ಹೋಗಿವೆಯೆಂದರೆ ಅದು ಕಸುಬು ಬಲ್ಲ ಕೈಯೆಂದೇ ತಿಳಿಯಬೇಕು. ಹಸಿದ ಹುಡುಗನ ಮೇಲೆ ಮೊದಲ ಸಂಶಯ ಹೊರಿಸುವವರು ಇದನ್ನು ಯೋಚಿಸುವುದಿಲ್ಲ.) ಏನನ್ನೂ ಒಯ್ಯದೆ ಸೀಳಿ, ಬಗ್ಗಿಸಿ, ಗಾಳಿ ಬಿಟ್ಟು ಹೋಗುವ ಚಾಳಿಯಂತೂ ಶುದ್ಧ ಅನರ್ಥದಂಡ. ಕಳ್ಳನಿಗೆ ಒಂದು ಪ್ರಯೋಜನವಾದರೂ ಇತ್ತು, ಇವರಿಗೆ ಅದೂ ಇಲ್ಲ. ಶ್ರಾವಕರ ಮಕ್ಕಳು ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ವಿನೋದಕ್ಕೆಂದು ಇದನ್ನು ಮಾಡುವುದಿಲ್ಲವೆಂದು ಯಾವ ತಾಯಿತಂದೆಯೂ ಪ್ರಮಾಣ ಮಾಡುವ ಹಾಗಿಲ್ಲ. ಪಾಠಶಾಲೆಯಲ್ಲಿ ಗುಣವ್ರತಗಳ ಹೆಸರನ್ನು ಬಾಯಿಪಾಠ ಮಾಡಿಸುವ ಗುರುಗಳು ಈ ಉದಾಹರಣೆಯನ್ನೂ ಸೇರಿಸಿಕೊಂಡರೆ ಮಕ್ಕಳಿಗೆ ಬೇಗ ತಿಳಿದೀತು.

ಎಚ್ಚರಿಕೆಯ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಹಳೆಯ ಮಾದರಿಯ ಸೈಕಲ್ಲುಗಳ ಹಿಂಚಕ್ರಕ್ಕಿರುವ ಬೀಗವು ಚಕ್ರ ತಿರುಗದಂತೆ ತಡೆಯುತ್ತದೆಯೇ ಹೊರತು ಸೈಕಲ್ಲನ್ನು ಎತ್ತಿ ಒಯ್ಯುವುದನ್ನು ತಡೆಯಲಾರದು. ಮುಂಚಕ್ರವನ್ನು ಮಾತ್ರ ಕಂಬಕ್ಕೆ ಕಟ್ಟಿದರೆ ಆ ಚಕ್ರವೊಂದೇ ಉಳಿದೀತು. ಹಿಂಚಕ್ರ, ಚೌಕಟ್ಟು ಮತ್ತು ಅಲುಗದ ಕಂಬ, ಈ ಮೂರನ್ನೂ ಸೇರಿಸಿ ಗಟ್ಟಿಯಾದ 'ಯು' ಆಕಾರದ ಬೀಗ ಹಾಕಿ, ಮುಂಚಕ್ರಕ್ಕೆ ಬೇರೊಂದು ಸರಪಳಿ ಹಾಕಬೇಕು. ಪಾನಾ ಇಲ್ಲದೆ ಕೈಯಿಂದಲೇ ಬಿಚ್ಚಬಹುದಾದ ಹಿಡಿಕೆಗಳು ಚಕ್ರಕ್ಕೂ ಸೀಟಿಗೂ ಇದ್ದರೆ ಅವನ್ನು ತೆಗೆಸಿ ನಟ್ಟು ಹಾಕಿಸಬೇಕು. ದೀಪ, ಪಂಪುಗಳನ್ನು ಚೀಲದಲ್ಲಿ ಒಯ್ಯಬೇಕು. ಚೌಕಟ್ಟಿನ ನಂಬರನ್ನು ಮನೆಯ ಪುಸ್ತಕದಲ್ಲಿ ಬರೆದಿಡಬೇಕು. ಇಷ್ಟು ಮಾಡಿದ ಮೇಲೂ ಕಳುವಾದೀತು. ಮತ್ತು ಇದಾವುದನ್ನೂ ಮಾಡದವನ ಸೈಕಲ್ಲನ್ನು ಬಿಚ್ಚಲು ಯಾರಿಗೂ ಅಧಿಕಾರ ಬರುವುದಿಲ್ಲ. ಇಟ್ಟದ್ದು, ಬಿದ್ದದ್ದು, ಮರೆತದ್ದು, ಯಾವುದಾದರೂ ಆಗಲಿ, ಕೊಡದ ಹೊರತು ತೆಗೆದುಕೊಳ್ಳಬಾರದು, ಬೇರೆಯವರಿಗೆ ಕೊಡಲೂಬಾರದೆಂಬುದು ಸಮಂತಭದ್ರರ ಮತ.

ಬೇರೆಯವರಿಗೆ ಕೊಡಲೂಬಾರದೆಂಬ ಈ ಮಾತು ದೇವಸ್ಥಾನಗಳ ಆಡಳಿತ ಮಂಡಳಿಗಳ ಕಡೆಗೆ ತಿರುಗುತ್ತದೆ. ಬಸದಿಯ ಅಂಗಳದಲ್ಲಿಯೂ ಬೋರ್ಡಿಂಗಿನ ಹಿತ್ತಲಲ್ಲಿಯೂ ಬಹುಕಾಲ ನಿಂತ ಸೈಕಲ್ಲುಗಳಿರುತ್ತವೆ. ಊರು ಬಿಟ್ಟ ವಿದ್ಯಾರ್ಥಿಯದೋ, ಕಾಯಿಲೆ ಬಿದ್ದ ಅಡುಗೆಯವರದೋ ಆಗಿರಬಹುದು. ಮೊದಲು ಬೆಲ್ಲು ಹೋಗುತ್ತದೆ, ಆಮೇಲೆ ಚೈನು. ಕೊನೆಗೆ ಉಳಿದುದನ್ನು ಮಂಡಳಿಯು ಗುಜರಿಗೆ ಹಾಕಿ ಬಂದ ಹಣವನ್ನು ಜಮಾ ಮಾಡುತ್ತದೆ, ಇಲ್ಲವೆ ಯಾರಾದರೂ ಬಡ ಹುಡುಗನಿಗೆ ದಾನವೆಂದು ಕೊಟ್ಟುಬಿಡುತ್ತದೆ. ಪರರ ವಸ್ತುವಿನಿಂದ ಮಾಡಿದ ದಾನವನ್ನು ಯಾವ ದಾನದ ಲೆಕ್ಕದಲ್ಲಿ ಬರೆಯಬೇಕೆಂದು ಕಾರ್ಯದರ್ಶಿಗಳು ಹೇಳಬೇಕು. ಒಂದು ನೋಟೀಸು ಅಂಟಿಸಿ, ಹಳೆಯ ವಿದ್ಯಾರ್ಥಿಗಳ ಪಟ್ಟಿ ತೆಗೆದು ಒಂದು ಪತ್ರ ಬರೆದು, ವಾರಸುದಾರನು ಕೊಟ್ಟಮೇಲೆ ಕೊಡುವುದು ಅಷ್ಟು ಕಷ್ಟವೇ?

ಇನ್ನು ಬಾಗಿಲಿನಲ್ಲಿರುವ ಫಲಕ: ವಾಹನಗಳ ಕಳವಿಗೆ ಆಡಳಿತ ಮಂಡಳಿಯು ಹೊಣೆಯಲ್ಲ. ಕಾರುಗಳಿಗೆ ನೆರಳು ಮಾಡಿಸಿ, ಕಾವಲುಗಾರನನ್ನು ಇಟ್ಟು, ಅದರ ಪಕ್ಕದಲ್ಲಿ ಈ ಫಲಕವನ್ನು ತೂಗುಹಾಕಿರುವುದು ಯಾರಿಗಾಗಿ? ದರ್ಶನಕ್ಕೆ ಬಂದವರ ಪಾದರಕ್ಷೆಗೆ ಬಿಲ್ಲೆ ಕೊಟ್ಟು ಕಾಯುವ ವ್ಯವಸ್ಥೆಯಿರುವಲ್ಲಿ ಹೂ ತರುವವಳ ಮಗನ ಸೈಕಲ್ಲಿಗೆ ಒಂದು ಕಬ್ಬಿಣದ ಕಂಬಿ ಇರುವುದಿಲ್ಲ. ಅದು ಕಾಂಪೌಂಡಿನ ಹೊರಗೆ, ದೀಪವಿಲ್ಲದ ಕಡೆ ನಿಲ್ಲುತ್ತದೆ. ಪಾದವಿಹಾರ ಮಾಡುವ ಮುನಿಗಳನ್ನು ಗುರುಗಳೆಂದು ನಂಬಿದ ಸಮಾಜವು, ಹೊಗೆಯಿಲ್ಲದೆ ಸದ್ದಿಲ್ಲದೆ ಅಲ್ಪಾರಂಭದಿಂದ ಬರುವವನನ್ನು ಹೊರಗೆ ನಿಲ್ಲಿಸಿ, ದೊಡ್ಡ ವಾಹನಕ್ಕೆ ಗೇಟು ತೆಗೆಯುತ್ತದೆ.

ಕೊನೆಯದಾಗಿ, ಹೇಳಲು ಹಿತವಲ್ಲದ ಒಂದು ಸಂಗತಿ. ಎಲ್ಲಾದರೂ ಒಬ್ಬ ಹುಡುಗನು ಸೀಟು ಬಿಚ್ಚುವಾಗ ಸಿಕ್ಕಿಬಿದ್ದರೆ ನಾಲ್ಕು ಜನ ಸೇರಿ ಕಂಬಕ್ಕೆ ಕಟ್ಟುವುದು, ಹೊಡೆಯುವುದು, ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವುದು ಈಗ ರೂಢಿಯಾಗಿದೆ. ಆ ನಾಲ್ವರಲ್ಲಿ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡುವವನೂ ಒಬ್ಬನಿದ್ದರೆ ಅವನು ಮೊದಲು ಮಾಡಬೇಕಾದುದು ಆ ಹಗ್ಗವನ್ನು ಬಿಚ್ಚುವುದು. ಮೇಲೆ ಹೇಳಿದ 303ನೆಯ ಕಲಮೇ ಒಂದು ದಾರಿ ತೆರೆದಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಅಪರಾಧ ಸಾಬೀತಾದವನು ವಸ್ತುವನ್ನೋ ಅದರ ಮೌಲ್ಯವನ್ನೋ ಹಿಂದಿರುಗಿಸಿದರೆ, ಶಿಕ್ಷೆಯು ಸಮುದಾಯ ಸೇವೆ. ದಂಡವನ್ನು ಕೈಯಲ್ಲಿ ಹಿಡಿದ ರಾಜ್ಯವೇ ಇಷ್ಟು ಕ್ಷಮೆ ತೋರುವಾಗ, ಕ್ಷಮಾವಾಣಿಯನ್ನು ವರ್ಷವರ್ಷವೂ ಆಚರಿಸುವವರು ಬೆತ್ತ ಹಿಡಿಯುವುದಕ್ಕೆ ಏನು ಸಮರ್ಥನೆ? ಡಿ ಸಿಕಾನ ಚಿತ್ರದಲ್ಲಿ ಕೂಡ ಸೈಕಲ್ಲಿನ ಒಡೆಯನು, ಸಿಕ್ಕಿಬಿದ್ದವನ ಪಕ್ಕದಲ್ಲಿ ಅಳುತ್ತ ನಿಂತ ಮಗುವನ್ನು ನೋಡಿ, ದೂರು ಕೊಡದೆ ಬಿಟ್ಟುಬಿಡುತ್ತಾನೆ. ಹುಡುಗನನ್ನು ಹೊಡೆಯುವ ಬದಲು ಅವನು ಅದನ್ನು ಯಾವ ಅಂಗಡಿಗೆ ಒಯ್ಯುತ್ತಿದ್ದನೆಂದು ವಿಚಾರಿಸಿದರೆ, ಆ ಅಂಗಡಿಯಲ್ಲಿ ನಿಂತು ಚೌಕಾಸಿ ಮಾಡುತ್ತಿರುವ ಪರಿಚಯದ ಮುಖಗಳು ಕಂಡಾವು. ಬಹುಶಃ ಹುಡುಗನನ್ನು ಹೊಡೆಯುವ ಅವಸರಕ್ಕೆ ಅದೂ ಒಂದು ಕಾರಣವಿರಬಹುದು.

ದಶಲಕ್ಷಣ ಪರ್ವಕ್ಕೆ ಮುನ್ನ ಮಂಡಳಿಗಳು ಸಭೆ ಸೇರಿ ಚಪ್ಪರ, ದೀಪಾಲಂಕಾರ, ಧ್ವನಿವರ್ಧಕಗಳ ಖರ್ಚನ್ನು ಮಂಜೂರು ಮಾಡುವುದು ವಾಡಿಕೆ. ನೆಲದಲ್ಲಿ ಹೂಳಿದ ಹತ್ತು ಕಬ್ಬಿಣದ ಕಂಬಿಗಳು, ಅವುಗಳ ಮೇಲೊಂದು ತಗಡು, ರಾತ್ರಿ ಉರಿಯುವ ಒಂದು ದೀಪ, ಸೈಕಲ್ಲಿನ ನಂಬರನ್ನೂ ಒಡೆಯನ ಹೆಸರನ್ನೂ ಬರೆಯುವ ಒಂದು ನೂರು ಪುಟದ ಪುಸ್ತಕ, ಇವನ್ನೂ ಆ ದಿನದ ವಿಷಯಪಟ್ಟಿಯಲ್ಲಿ ಸೇರಿಸಬಹುದು. ಪುಸ್ತಕವು ಪಾದರಕ್ಷೆ ಕಾಯುವವನ ಬಳಿಯಲ್ಲಿಯೇ ಇರಲಿ. ಬೇರೆ ಆಳು ಬೇಕಾಗುವುದಿಲ್ಲ. ಬಾಗಿಲಿನ ಫಲಕವನ್ನು ಇಳಿಸುವ ಠರಾವನ್ನು ಅದೇ ಸಭೆಯಲ್ಲಿ ಮಂಡಿಸಬಹುದು.