“ಎಲ್ಲಾ ಚೆನ್ನಾಗಿದೆ ಸರ್”

ಹೋದ ತಿಂಗಳು ಕ್ಯಾಂಪಸ್ ಇಂಟರ್‌ವ್ಯೂಗೆ ಅಂತ ನಮ್ಮ ಕಂಪನಿಯವರು ನನ್ನನ್ನೂ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಕಳಿಸಿದ್ದರು. ಡೇಟಾ ಸ್ಟ್ರಕ್ಚರ್ಸ್, ಡೇಟಾಬೇಸ್ ಎಲ್ಲಾ ಕೇಳಿ ಮುಗಿಸಿದ ಮೇಲೆ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಹಾಕಿದೆ: “ನಿಮ್ಮ ಕಾಲೇಜಲ್ಲಿ ಏನಾದ್ರೂ ಒಂದನ್ನ ಬದಲಾಯಿಸೋ ಅಧಿಕಾರ ಸಿಕ್ಕರೆ, ಏನು ಬದಲಾಯಿಸ್ತೀರಿ?” 11 ಜನರಲ್ಲಿ 9 ಜನ ಮೊದಲು ಬಾಗಿಲ ಕಡೆ ನೋಡಿದರು. ಅಲ್ಲಿ ಪ್ಲೇಸ್‌ಮೆಂಟ್ ಆಫೀಸರ್ ಓಡಾಡ್ತಿದ್ದರು. ಆಮೇಲೆ ಉತ್ತರ ಬಂತು: “ಏನೂ ಇಲ್ಲ ಸರ್. ಎಲ್ಲಾ ಚೆನ್ನಾಗಿದೆ ಸರ್.”

ಈ ಉತ್ತರ ನನಗೆ ಹೊಸದಲ್ಲ. ಒಂದು ಕಾಲದಲ್ಲಿ ಇದನ್ನ ಇಡೀ ಕ್ಲಾಸಿನ ಕೈಲಿ ಬರೆಸಿದವನೇ ನಾನು.

2007ರಲ್ಲಿ ಹಳ್ಳಿಯಿಂದ ಬಂದು ಬಿಇ ಸೇರಿದೆ. ಮೊದಲ ಸೆಮಿಸ್ಟರಿನಲ್ಲಿ ಹೇಗೋ ಒಳ್ಳೇ ಮಾರ್ಕ್ಸ್ ಬಂತು. ಎಚ್‌ಒಡಿ ಕರೆದು, “ನಾಳೆಯಿಂದ ನೀನೇ ಸಿಆರ್” ಅಂದರು. ಕ್ಲಾಸ್ ರೆಪ್ರೆಸೆಂಟೇಟಿವ್! ಯಾರೂ ನನ್ನನ್ನ ಆರಿಸಿರಲಿಲ್ಲ, ಯಾರ ಮಾತನ್ನೂ ನಾನು ಎಲ್ಲೂ ಹೇಳಬೇಕಿರಲಿಲ್ಲ. ಅಟೆಂಡೆನ್ಸ್ ಪುಸ್ತಕ ತರೋದು, ಲ್ಯಾಬ್ ರೆಕಾರ್ಡ್ ಒಟ್ಟು ಮಾಡಿ ಸ್ಟಾಫ್ ರೂಮಲ್ಲಿ ಇಡೋದು, ಇಷ್ಟೇ ಕೆಲಸ.

ಎರಡನೇ ವರ್ಷ ನಮಗೆ ಮ್ಯಾಥ್ಸ್ ತಗೋತಿದ್ದ ಮೇಷ್ಟ್ರು ಒಬ್ಬರಿದ್ದರು. ಬರೋರು, ಕೈಯಲ್ಲಿರೋ ನೋಟ್ಸನ್ನ ಬೋರ್ಡಿಗೆ ಇಳಿಸೋರು, ಹೋಗೋರು. ಡೌಟ್ ಕೇಳಿದರೆ, “ಪಿಯುಸಿಲಿ ಏನು ಮಾಡ್ತಿದ್ದೆ?” ಅನ್ನೋರು. ನನ್ನ ರೂಮ್‌ಮೇಟ್ ಕೂಡ್ಲಿಗಿ ಕಡೆಯವನು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಒಂದು ಸಲ ಕೇಳಿ ಹೀಗೆ ಅನ್ನಿಸಿಕೊಂಡ, ಮತ್ತೆ ಕೈ ಎತ್ತಲಿಲ್ಲ. ಸೆಮಿಸ್ಟರ್ ಕೊನೆಗೆ ಫೀಡ್‌ಬ್ಯಾಕ್ ಫಾರಂ ಬಂತು. ಹತ್ತು ಪ್ರಶ್ನೆ, ಒಂದರಿಂದ ಐದರವರೆಗೆ ಅಂಕ. ಫಾರಂ ಮೇಲೆ ರೋಲ್ ನಂಬರ್ ಬೇರೆ! ಮುಂದಿನ ತಿಂಗಳು ಮಾನ್ಯತೆ ಕೊಡೋ ತಂಡ ಬರುತ್ತೆ, “ನೋಡ್ಕೊಂಡು ಬರೆಸಪ್ಪ” ಅಂತ ನನಗೆ ಸೂಚನೆ. ರೂಮ್‌ಮೇಟ್ ಕೇಳಿದ, “ಇರೋದನ್ನ ಇದ್ದಂಗೆ ಬರೀಲೇನೋ?” ನಾನಂದೆ, “ಬ್ಯಾಡ ಮಗಾ. 25 ಮಾರ್ಕ್ಸ್ ಇಂಟರ್ನಲ್ಸ್ ಅವರ ಕೈಲಿದೆ. ಐದೈದು ಹಾಕ್ಬಿಡು.”

ಎಲ್ಲರೂ ಐದೈದು ಹಾಕಿದರು. ರಿಸಲ್ಟ್ ಬಂದಾಗ ಅದೇ ಸಬ್ಜೆಕ್ಟಿನಲ್ಲಿ ಕ್ಲಾಸಿನ ಅರ್ಧಕ್ಕರ್ಧ ಜನ ಫೇಲು. ರೂಮ್‌ಮೇಟಿಗೆ ಮುಂದೆ ಇಯರ್ ಬ್ಯಾಕ್ ಆಯಿತು. ಅವರಪ್ಪ ಬಂದು ಟ್ರಂಕು, ಹಾಸಿಗೆ ತಗೊಂಡು ಹೋದರು. ಅವನು ತಿರುಗಿ ಬರಲಿಲ್ಲ. ಒಂದು ಫಾರಂ ಅವನನ್ನ ಉಳಿಸುತ್ತಿತ್ತು ಅಂತ ನಾನು ಹೇಳಲ್ಲ. ಆದರೆ ಅರ್ಧ ಕ್ಲಾಸಿಗೆ ಪಾಠ ಅರ್ಥ ಆಗ್ತಿಲ್ಲ ಅನ್ನೋ ಸತ್ಯ ಕಾಲೇಜಿನ ಒಂದು ಕಾಗದದಲ್ಲೂ ಉಳಿಯದ ಹಾಗೆ ನೋಡಿಕೊಂಡವನು ನಾನು.

ಈಗ ನಮ್ಮೂರಿಗೆ ಬನ್ನಿ. ನಮ್ಮವ್ವ ಡೇರಿಗೆ ದಿನಾ ನಾಲ್ಕು ಲೀಟರ್ ಹಾಲು ಹಾಕ್ತಾಳೆ. ಫ್ಯಾಟ್ ಕಮ್ಮಿ ಬಂತು ಅಂದರೆ, “ಇನ್ನೊಂದ್ಸಲ ಮಿಷನ್‌ಗೆ ಹಾಕಪ್ಪ” ಅಂತ ಅಲ್ಲೇ ನಿಂತು ಕೇಳ್ತಾಳೆ. ವಾರ್ಷಿಕ ಸಭೆಯಲ್ಲಿ ಬೋನಸ್ ಎಲ್ಲಿ ಹೋಯ್ತು ಅಂತ ಸೆಕ್ರೆಟರಿಯ ನೀರಿಳಿಸ್ತಾಳೆ. ನಾಲ್ಕು ಲೀಟರಿನವಳಿಗೂ ನಲವತ್ತು ಲೀಟರಿನವನಿಗೂ ಒಂದೊಂದೇ ಓಟು. ಇನ್ನು ಮಕ್ಕಳ ವಿಚಾರ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ನಮ್ಮ ರಾಜ್ಯದಲ್ಲಿ ನಿಯಮವೇ ಇದೆ. ಏಳನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು, “ನಮ್ ಶಾಲೆ ಟಾಯ್ಲೆಟ್‌ಗೆ ನೀರಿಲ್ಲ” ಅಂತ ಪಿಡಿಒ ಎದುರೇ ಹೇಳಬಹುದು. ಅದೇ ಹುಡುಗಿ 19 ವರ್ಷಕ್ಕೆ ಲಕ್ಷಗಟ್ಟಲೆ ಫೀಸು ಕಟ್ಟಿ ಇಂಜಿನಿಯರಿಂಗ್ ಕಾಲೇಜು ಸೇರಿದರೆ? ಹಾಸ್ಟೆಲಿನ ನೀರಿನ ಬಗ್ಗೆ ಬಾಯಿ ಬಿಟ್ಟರೆ, “ಪೇರೆಂಟ್ಸ್ ಕರ್ಕೊಂಡ್ ಬಾ.”

ಇದು ತಾನಾಗೇ ಆದದ್ದಲ್ಲ. 1989ರ ಮಾರ್ಚಿನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚು ಕಮ್ಮಿ ಅದೇ ಹೊತ್ತಿಗೆ, 1989-90ರಲ್ಲಿ, ಕರ್ನಾಟಕ ತನ್ನ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಲ್ಲಿಸಿತು. ಪ್ರಧಾನಿ ಯಾರಾಗಬೇಕು ಅಂತ ಹೇಳೋಕೆ 18 ಸಾಕು, ಲೈಬ್ರರಿ ಎಷ್ಟು ಗಂಟೆವರೆಗೆ ತೆಗೆದಿರಬೇಕು ಅಂತ ಹೇಳೋಕೆ ಮಾತ್ರ ವಯಸ್ಸು ಸಾಲದು!

“ಚುನಾವಣೆ ಅಂದ್ರೆ ಹೊಡೆದಾಟ, ಜಾತಿ, ಪಾರ್ಟಿ ದುಡ್ಡು. ಓದೋ ಹುಡುಗರಿಗೆ ಯಾಕ್ರೀ?” ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ. ಸರಿಯಾದ ಪ್ರಶ್ನೆಯೇ. ಹೊಡೆದಾಟ ಆಗಿದ್ದೂ ನಿಜ. ಆದರೆ ಉತ್ತರ ಸಿಕ್ಕಿ ಎಷ್ಟೋ ವರ್ಷ ಆಯ್ತು. ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನ 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ ಜಾರಿ ಮಾಡಲು ಹೇಳಿತು. ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡೋ ಹಾಗಿಲ್ಲ. ಪಾರ್ಟಿಯಿಂದ ದುಡ್ಡು ತಗೊಳ್ಳೋ ಹಾಗಿಲ್ಲ. ಪ್ರಿಂಟ್ ಮಾಡಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. 75% ಹಾಜರಾತಿ ಇರಬೇಕು. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲಾ ಹತ್ತು ದಿನದಲ್ಲಿ ಮುಗಿಯಬೇಕು. ವಾತಾವರಣ ಸರಿಯಿಲ್ಲದ ಕಡೆ ಸದ್ಯಕ್ಕೆ ನಾಮಕರಣ ಮಾಡಿ, ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಅಂತಲೂ ಸಮಿತಿ ಹೇಳಿತ್ತು. 2006ಕ್ಕೆ ಐದು ಕೂಡಿಸಿದರೆ 2011, ನಾನು ಬಿಇ ಮುಗಿಸಿದ ವರ್ಷ. ಸಿಆರ್ ಅನ್ನೋ ನಾಮಕರಣದಲ್ಲೇ ನನ್ನ ನಾಲ್ಕು ವರ್ಷ ಕಳೆದಿತ್ತು.

ಇನ್ನೊಂದು ಮಾತು. ಚುನಾವಣೆ ನಿಲ್ಲಿಸಿದ್ದಕ್ಕೆ ಕ್ಯಾಂಪಸ್ಸಿಂದ ಜಾತಿ ಹೋಯಿತಾ? ರಾಜಕೀಯ ಹೋಯಿತಾ? ಎಷ್ಟೋ ಕಾಲೇಜುಗಳ ಟ್ರಸ್ಟ್ ಬೋರ್ಡಿನಲ್ಲಿ ಕೂತಿರೋರು ಯಾರು ಅಂತ ಒಮ್ಮೆ ಕಣ್ಣಾಡಿಸಿ. ಹೋಗಿದ್ದು ಹುಡುಗರ ಪಾಲು ಮಾತ್ರ.

ಮತ್ತೆ ಉಳಿದಿದ್ದೇನು? ಯುಜಿಸಿ 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆಗೆ ಹೊಸ ನಿಯಮ ತಂದಿತು. ಕಾಲೇಜಿನಲ್ಲಿ ಸಮಿತಿ ಇರಬೇಕು, 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು, ಅಲ್ಲಿ ನ್ಯಾಯ ಸಿಗದಿದ್ದರೆ ಮೇಲೆ ಓಂಬುಡ್ಸ್‌ಪರ್ಸನ್ ಇದ್ದಾರೆ. ಇದು ನಿಜಕ್ಕೂ ಒಳ್ಳೇದು. ಆದರೆ ಸಮಿತಿಯೊಳಗೆ ನೋಡಿ: ಅಧ್ಯಕ್ಷರೂ ಮೇಷ್ಟ್ರೇ, ನಾಲ್ಕು ಸದಸ್ಯರೂ ಮೇಷ್ಟ್ರುಗಳೇ. ವಿದ್ಯಾರ್ಥಿ ಒಬ್ಬ ಇರ್ತಾನೆ, ‘ವಿಶೇಷ ಆಹ್ವಾನಿತ’ ಅಂತ. ಅವನನ್ನೂ ಸಹಪಾಠಿಗಳು ಆರಿಸಲ್ಲ; ಮಾರ್ಕ್ಸು, ಆಟ, ಇತರ ಚಟುವಟಿಕೆ ನೋಡಿ ನಾಮಕರಣ ಮಾಡ್ತಾರೆ. ಅಂದರೆ ಪಾಠ ಅರ್ಥ ಆಗದವರ ಕಷ್ಟ ಹೇಳೋಕೆ ಟಾಪರ್! ಹಸಿದವನ ಪರವಾಗಿ ಉಂಡವನನ್ನ ಮಾತಾಡಿಸಿದ ಹಾಗೆ. ನಾನು ಆ ಟಾಪರ್ ಆಗಿದ್ದೆ, ಅದಕ್ಕೇ ಹೇಳ್ತಿದ್ದೀನಿ.

ಸರ್ಕಾರ ಮನಸ್ಸು ಮಾಡೋವರೆಗೂ ಕಾಯಬೇಕಾ? ಬೇಡ. ಈಗ ಓದ್ತಾ ಇರೋ ತಮ್ಮ ತಂಗಿಯರಿಗೆ ನನ್ನ ಅನುಭವದಿಂದ ನಾಲ್ಕು ಮಾತು.

ಒಂದು, ಸಿಆರ್‌ನ ನೀವೇ ಆರಿಸಿ. ಚೀಟಿ ಹಾಕಿ ಓಟು ಮಾಡಿ, ಆ ಹೆಸರನ್ನ ಎಚ್‌ಒಡಿಗೆ ಕೊಡಿ. ಬಹಳಷ್ಟು ಎಚ್‌ಒಡಿಗಳಿಗೆ ಯಾರಾದರೂ ಒಬ್ಬರು ಸಿಕ್ಕರೆ ಸಾಕಾಗಿರುತ್ತೆ.

ಎರಡು, ದೂರನ್ನ ಬಗ್ ರಿಪೋರ್ಟ್ ಥರ ಬರೀರಿ. “ಲ್ಯಾಬ್ ಸರಿಯಿಲ್ಲ” ಅಂದರೆ ಯಾರೂ ಏನೂ ಮಾಡಕ್ಕಾಗಲ್ಲ. “30 ಸಿಸ್ಟಮ್‌ನಲ್ಲಿ 11 ಆನ್ ಆಗಲ್ಲ, ಮೂರು ವಾರದಿಂದ ಹೀಗೇ ಇದೆ, ಪರೀಕ್ಷೆಗೆ ಐದು ವಾರ ಇದೆ” ಅಂತ ಬರೆದರೆ ತಳ್ಳಿಹಾಕೋದು ಕಷ್ಟ. ಮೇಷ್ಟ್ರ ಬಗ್ಗೆ ಬರೆಯೋವಾಗ ಅವರ ಪಾಠದ ಬಗ್ಗೆ ಬರೀರಿ, ಮನುಷ್ಯನ ಬಗ್ಗೆ ಬೇಡ. ಒಳ್ಳೇ ಪಾಠ ಮಾಡೋರ ಹೆಸರನ್ನೂ ಬರೀರಿ. ಎಲ್ಲರಿಗೂ ಐದೈದು ಹಾಕಿದಾಗ ಮೊದಲು ಅನ್ಯಾಯ ಆಗೋದು ಅವರಿಗೇ.

ಮೂರು, ಸೆಮಿಸ್ಟರ್ ಕೊನೇವರೆಗೂ ಕಾಯಬೇಡಿ. ಕೊನೇ ದಿನದ ಫೀಡ್‌ಬ್ಯಾಕಿಂದ ಉಪಕಾರ ಆದರೆ ಜೂನಿಯರ್‌ಗೆ, ನಿಮಗಲ್ಲ. ನಾಲ್ಕನೇ ವಾರದಲ್ಲೇ, ಹೆಸರಿಲ್ಲದ ಫಾರಂನಲ್ಲಿ, ಎರಡೇ ಪ್ರಶ್ನೆ ಸಾಕು: ಯಾವುದು ಅರ್ಥ ಆಗ್ತಿದೆ, ಯಾವುದು ಆಗ್ತಿಲ್ಲ?

ನಾಲ್ಕು, ಉತ್ತರ ಕೇಳಿ, ಬರಹದಲ್ಲಿ ಕೇಳಿ. “ಮಾಡ್ತೀವಿ” ಅಂದರೆ ಯಾವಾಗ, “ಆಗಲ್ಲ” ಅಂದರೆ ಯಾಕೆ ಅಂತ ನೋಟಿಸ್ ಬೋರ್ಡಿಗೆ ಬರಲಿ. ಒಬ್ಬರೇ ಹೋಗಬೇಡಿ, ನಲವತ್ತು ಸಹಿ ಜೊತೆಗೆ ಹೋಗಿ. ನಲವತ್ತು ಜನರ ಇಂಟರ್ನಲ್ಸ್ ಕತ್ತರಿಸೋದು ಯಾರಿಗೂ ಸುಲಭ ಅಲ್ಲ.

ಇನ್ನು ನಾವು, ಇದನ್ನೆಲ್ಲಾ ದಾಟಿ ಬಂದು ಟೆಕ್ ಪಾರ್ಕುಗಳಲ್ಲಿ ಕೂತಿರೋರು. ಎರಡು ವಾರಕ್ಕೊಮ್ಮೆ ರೆಟ್ರೋ ಮೀಟಿಂಗಲ್ಲಿ ಕೂತು ಏನು ಸರಿ ಹೋಯ್ತು, ಏನು ಹೋಗಲಿಲ್ಲ ಅಂತ ಮಾತಾಡ್ತೀವಿ. ಮ್ಯಾನೇಜರ್‌ಗೂ ಫೀಡ್‌ಬ್ಯಾಕ್ ಕೊಡ್ತೀವಿ. ಫ್ರೆಶರ್‌ಗಳು ಮೀಟಿಂಗಲ್ಲಿ ಬಾಯೇ ಬಿಡಲ್ಲ ಅಂತ ಗೊಣಗ್ತೀವಿ ಕೂಡ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೇ ಇಂಟರ್ನಲ್ಸ್ ಸಿಕ್ಕಿದ್ದು ಅಂತ ಕಲಿತು ಬಂದ ಹುಡುಗ, ಐದನೇ ವರ್ಷ ಇದ್ದಕ್ಕಿದ್ದ ಹಾಗೆ ಮಾತಾಡ್ತಾನಾ? ನಿಮ್ಮ ಹಳೇ ಕಾಲೇಜಿನವರು ಅಲುಮ್ನಿ ಮೀಟ್‌ಗೆ ಕರೀತಾರೆ, ಶಾಲು ಹೊದಿಸ್ತಾರೆ, ಮೈಕ್ ಕೊಡ್ತಾರೆ. ಆ ಮೈಕಿನಲ್ಲಿ ಒಂದು ಪ್ರಶ್ನೆ ಕೇಳಿ: “ಹೋದ ವರ್ಷ ಹುಡುಗರು ಏನು ಕೇಳಿದ್ರು? ಅದರಲ್ಲಿ ನೀವು ಏನು ಮಾಡಿದ್ರಿ?” ನಿಮ್ಮ ಇಂಟರ್ನಲ್ಸ್ ಈಗ ಯಾರ ಕೈಲೂ ಇಲ್ಲ.

ಹೋದ ಯುಗಾದಿಗೆ ರೂಮ್‌ಮೇಟಿಗೆ ಫೋನ್ ಮಾಡಿದ್ದೆ. ಊರಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಆ ಫಾರಂ ವಿಚಾರ ತೆಗೆದು, ತಪ್ಪಾಯ್ತು ಕಣೋ ಅಂದೆ. ನಕ್ಕ. “ಬಿಡೋ, ಆಗ ನಿಂಗೂ ಹೆದ್ರಿಕೆ ಇತ್ತು, ನಂಗೂ ಇತ್ತು. ನನ್ ಮಗಳು ಈ ಸಲ ಸ್ಕೂಲಲ್ಲಿ ಎಲೆಕ್ಷನ್‌ಗೆ ನಿಂತು ಆರೋಗ್ಯ ಮಂತ್ರಿ ಆಗ್ಯಾಳ. ದಿನಾ ಹೋಗಿ ನೀರಿನ ಟ್ಯಾಂಕ್ ನೋಡ್ತಾಳಂತೆ” ಅಂದ.

ಆ ಮಗು ಇನ್ನು ಎಂಟ್ಹತ್ತು ವರ್ಷಕ್ಕೆ ಕಾಲೇಜು ಸೇರುತ್ತೆ. ಆವತ್ತೂ ಅಲ್ಲೊಬ್ಬ ಸಿಆರ್ ಇರ್ತಾನೆ, ಫಾರಂ ಹಂಚ್ತಾನೆ. ಅವನು ಏನು ಹೇಳಬೇಕು ಅನ್ನೋದನ್ನ ನಾವು ಈಗಲೇ ಬದಲಾಯಿಸಬೇಕು.