ಕಾಳಿ, ತುಂಗಾ ಮತ್ತು ಹೆಸರು ಕೇಳದ ಒಂದು ನಾಯಿ



ನಮ್ಮ ದಾವಣಗೆರೆ ಜಿಲ್ಲಾ ಪೊಲೀಸ್ ಶ್ವಾನದಳದಲ್ಲಿ ತುಂಗಾ ಎಂಬ ಡಾಬರ್‌ಮನ್ ನಾಯಿಯೊಂದಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2020ರ ಜುಲೈ ತಿಂಗಳಲ್ಲಿ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಬಳಿ ವ್ಯಕ್ತಿಯೊಬ್ಬರು ಗುಂಡೇಟಿಗೆ ಬಲಿಯಾಗಿ ಬಿದ್ದಿದ್ದಾಗ, ವಾಸನೆಯ ಜಾಡು ಹಿಡಿದು ಸುಮಾರು 11–12 ಕಿಲೋಮೀಟರ್ ಓಡಿ, ಕಾಶೀಪುರದಲ್ಲಿ ಆರೋಪಿಯಿದ್ದೆಡೆಗೇ ಹೋಗಿ ನಿಂತದ್ದು ಇದೇ ತುಂಗಾ. ಆಗ ಅದಕ್ಕೆ ಹತ್ತು ವರ್ಷದ ಆಸುಪಾಸು. ನಾಯಿಯ ಲೆಕ್ಕದಲ್ಲಿ ಅದು ನನ್ನಂತಹವನ ವಯಸ್ಸು! 2022ರಲ್ಲಿ ತುಂಗಾ ತೀರಿಕೊಂಡಾಗ ಪೊಲೀಸರು ಅದಕ್ಕೆ ಹೂಮಾಲೆ ಹಾಕಿ, ಗೌರವ ಸಲ್ಲಿಸಿ ಮಣ್ಣು ಮಾಡಿದರು.

ಆ ಸುದ್ದಿ ಬಂದ ದಿನ ಬಿಳಿಚೋಡಿನ ಚಹದಂಗಡಿಯೊಂದರಲ್ಲಿ ಕುಳಿತಿದ್ದೆ. ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ ಹಿರಿಯರೊಬ್ಬರು, “ಮನುಷ್ಯರು ಸತ್ತರೆ ಹೊರುವವರಿಲ್ಲ, ನಾಯಿಗೆ ಇಷ್ಟೊಂದು ಮರ್ಯಾದೆಯೇ?” ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ನಾನು ನಗಲಿಲ್ಲ, ಆದರೆ ಮಾತನ್ನೂ ಆಡಲಿಲ್ಲ. ಮೇಷ್ಟರಾಗಿದ್ದವನು ಆಡಬೇಕಾದಲ್ಲಿ ಆಡದೆ ಎದ್ದು ಬಂದುದರ ಅಳುಕು ನನ್ನಲ್ಲಿ ಉಳಿದುಕೊಂಡಿದೆ. ಅಂದು ಹೇಳದೆ ಬಿಟ್ಟದ್ದನ್ನು ಇಂದು ಬರೆಯುತ್ತಿದ್ದೇನೆ.

ನಮ್ಮ ನುಡಿಯಲ್ಲಿ ನಾಯಿ ಒಂದು ಬೈಗುಳ. ನಾಯಿಪಾಡು, ನಾಯಿಬುದ್ಧಿ, ನಾಯಿಬಾಳು ಎನ್ನುತ್ತೇವೆ. ತರಗತಿಯಲ್ಲಿ ನಾನೂ ಈ ಪದಗಳನ್ನು ಧಾರಾಳವಾಗಿ ಬಳಸಿದವನೇ, ಕೇಳಿಸಿಕೊಂಡವರು ನೀವು. ಆದರೆ ಇದೇ ಕನ್ನಡ ನಾಡು ಸಾವಿರದ ಎಪ್ಪತ್ತು ವರ್ಷಗಳಿಗೂ ಹಿಂದೆ ಒಂದು ನಾಯಿಗಾಗಿ ಶಾಸನ ಕಡೆಯಿಸಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶೈಕ್ಷಣಿಕ ಪ್ರವಾಸದಲ್ಲಿ ನಾವು ಅದರ ಮುಂದೆ ನಿಂತದ್ದು ಕೆಲವರಿಗಾದರೂ ನೆನಪಿರಬೇಕು. ನಾನು ಆ ದಿನ ಮಾಡಿದ ಪಾಠ ತಕ್ಕೋಲದ ಯುದ್ಧದ್ದು: ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಅವನ ಪರವಾಗಿ ಗಂಗರ ಇಮ್ಮಡಿ ಬೂತುಗ, ಎದುರಿಗೆ ಚೋಳರ ರಾಜಾದಿತ್ಯ, ಕ್ರಿಸ್ತಶಕ 949. ಪರೀಕ್ಷೆಗೆ ಬೇಕಾದುದು ಅಷ್ಟೇ ಆಗಿತ್ತು. ಮೇಲ್ಗಡೆ ಕೆತ್ತಿದ್ದ ನಾಯಿ ಹಂದಿಗಳ ಕಾಳಗವನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದಿನ ಕೋಣೆಗೆ ನಡೆಸಿಕೊಂಡು ಹೋದೆ.

ಆ ಕಲ್ಲು ಹೇಳುವ ಕಥೆ ನಿಜವಾಗಿ ಹೀಗಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ತನ್ನ ಬಂಟನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಮಣಲೇರನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಒಡೆಯನ ಬೇಟೆನಾಯಿ ಕಾಳಿಯನ್ನು. ಕಾಳಿ ಅವನದಾಯಿತು. ಮುಂದೆ ಬೆಳತೂರಿನ ಪಶ್ಚಿಮಕ್ಕಿದ್ದ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಟ್ಟರು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿ ಬಿಟ್ಟರು. ಅಲ್ಲಿಗೂ ನಿಲ್ಲಿಸಲಿಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಂಬ ಕಟ್ಟಳೆಯನ್ನೂ ಬರೆಸಿದರು. (ಗೊರವ ಎಂದೊಡನೆ ನಮ್ಮ ಕಡೆಯವರಿಗೆ ಕಂಬಳಿ ಹೊದ್ದ, ನಾಯಿಯಂತೆ ಬೊಗಳಿ ದೋಣಿಯಲ್ಲಿ ಉಣ್ಣುವ ಮೈಲಾರಲಿಂಗನ ಒಕ್ಕಲು ನೆನಪಾಗುತ್ತದೆ. ಶಾಸನದ ಗೊರವ ಶೈವ ಸ್ಥಾನಿಕ. ಆದರೂ ಆ ಹೆಸರು ಅಲ್ಲಿ ನಾಯಿಯ ಜೊತೆಗೇ ಬಂದಿರುವುದು ನನಗೆ ಪ್ರತಿಸಲವೂ ವಿಸ್ಮಯ.)

ಚಹದಂಗಡಿಯ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ನಾಯಿಗೆ ಮರ್ಯಾದೆ ಹೆಚ್ಚಾಗಿಲ್ಲ, ಕಡಿಮೆಯಾಗಿದೆ. ಹೂಮಾಲೆ ಒಂದು ದಿನದ್ದು. ಆತಕೂರಿನವರು ಗೌರವಕ್ಕೆ ಗದ್ದೆಯನ್ನು ಜೋಡಿಸಿದರು. ಒಬ್ಬ ಮನುಷ್ಯನ ಪ್ರತಿನಿತ್ಯದ ಊಟವನ್ನೇ ಅದಕ್ಕೆ ಕಟ್ಟಿಹಾಕಿದರು.

ಇನ್ನು ನಾಯಿಯ ಜೊತೆಗಾರನ ಮಾತು. ಇಲಾಖೆಯ ಭಾಷೆಯಲ್ಲಿ ಅವನು ಹ್ಯಾಂಡ್ಲರ್. ನಾನು ಪಾಲಕ ಎನ್ನುತ್ತೇನೆ. ತುಂಗಾ 12 ಕಿಲೋಮೀಟರ್ ಓಡಿತೆಂದು ಓದಿ ನಾವು ಬೆರಗಾಗುತ್ತೇವೆ. ಹಗ್ಗದ ಇನ್ನೊಂದು ತುದಿ ಹಿಡಿದವನೂ ಅಷ್ಟೇ ದೂರ ಮುಳ್ಳುಕಂಟಿಗಳಲ್ಲಿ ಓಡಿರುತ್ತಾನೆಂಬುದು ಹೊಳೆಯುವುದಿಲ್ಲ. ನಾಯಿಯನ್ನು ಪಾಟೀಸವಾಲಿಗೆ ನಿಲ್ಲಿಸಲಾಗದು, ಆದ್ದರಿಂದ ನ್ಯಾಯಾಲಯಗಳು ಅದು ತೋರಿಸಿದ ಜಾಡನ್ನು ಪೂರಕ ಸಾಕ್ಷ್ಯವೆಂದಷ್ಟೇ ಕಾಣುತ್ತವೆ; ಅದು ಏನು ಹೇಳಿತೆಂಬುದನ್ನು ಅದರ ಪರವಾಗಿ ನಿಂತು ಹೇಳಬೇಕಾದವನು ಪಾಲಕ. 2024ರ ಜುಲೈನಲ್ಲಿ ಸಂತೇಬೆನ್ನೂರಿನ ಕಡೆ ಕೊಲೆಯೊಂದು ನಡೆದಾಗ, ತುಂಗಾಳ ಹೆಸರನ್ನೇ ಪಡೆದ ತುಂಗಾ–2 ಮಳೆಯ ರಾತ್ರಿಯಲ್ಲಿ ಸುಮಾರು 8 ಕಿಲೋಮೀಟರ್ ಓಡಿ ಒಂದು ಮನೆಯ ಮುಂದೆ ನಿಂತಿತು. ಒಳಗೆ ಅದೇ ಆರೋಪಿ ಹೆಂಡತಿಯನ್ನು ಹೊಡೆದು ಸಾಯಿಸುವುದರಲ್ಲಿದ್ದ. ಆ ಹೆಣ್ಣುಮಗಳ ಜೀವ ಉಳಿಯಿತು. ಸತ್ತ ನಾಯಿಯ ಹೆಸರನ್ನು ಮುಂದಿನ ನಾಯಿಗೆ ಇಡುವುದು ನನಗೆ ಬಹಳ ಹಿಡಿಸಿತು. ನಾವು ಅಜ್ಜಂದಿರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದಿಲ್ಲವೇ?

ಸೇನೆಯಲ್ಲಿಯೂ ಈ ನಂಟಿಗೆ ಉದಾಹರಣೆಗಳಿವೆ. 2015ರ ಆಗಸ್ಟ್‌ನಲ್ಲಿ ಕಾಶ್ಮೀರದ ಗಡಿಯಲ್ಲಿ ಮಾನ್ಸಿ ಎಂಬ ಲ್ಯಾಬ್ರಡಾರ್ ಮತ್ತು ಅದರ ಪಾಲಕ ಬಶೀರ್ ಅಹಮದ್ ವಾರ್ ಜೊತೆಯಾಗಿಯೇ ಮಡಿದರು. 2023ರ ಸೆಪ್ಟೆಂಬರಿನಲ್ಲಿ ರಾಜೌರಿಯಲ್ಲಿ ಕೆಂಟ್ ಎಂಬ ಆರು ವರ್ಷದ ನಾಯಿ ತನ್ನ ಪಾಲಕನನ್ನು ಕಾಯುತ್ತ ಗುಂಡಿಗೆ ಬಲಿಯಾಯಿತು. ಇವು ಸೇವೆಯಲ್ಲಿದ್ದಾಗಲೇ ಮಡಿದವು. ಮುಪ್ಪಾದವುಗಳ ಗತಿಯೇನು? ಸೇವೆಗೆ ಅನರ್ಹವಾದ ನಾಯಿಗಳಿಗೆ ಚುಚ್ಚುಮದ್ದು ಕೊಟ್ಟು ಮುಗಿಸುವ ಪದ್ಧತಿ ಸೇನೆಯಲ್ಲಿತ್ತೆಂಬುದು 2015ರಲ್ಲಿ ಮಾಹಿತಿ ಹಕ್ಕಿನ ಉತ್ತರವೊಂದರಿಂದ ಬಹಿರಂಗವಾಯಿತು. ದೊಡ್ಡ ಕೋಲಾಹಲವಾಗಿ, ಆಮೇಲೆ ನೀತಿ ಬದಲಾಯಿತು. ಪಿಂಚಣಿ ಉಣ್ಣುತ್ತಿರುವ ನಾನು ಆ ಸುದ್ದಿಯನ್ನು ಓದಿದ ಬೆಳಿಗ್ಗೆ ಉಪಾಹಾರ ಮಾಡಲಾರದೆ ಹೋದೆ. ನನ್ನ ಅಭಿಪ್ರಾಯದಲ್ಲಿ ನಿವೃತ್ತವಾದ ನಾಯಿಯ ಮೇಲೆ ಮೊದಲ ಹಕ್ಕು ಅದರ ಪಾಲಕನದು. ಅದರ ಆಹಾರ, ಔಷಧಗಳ ಖರ್ಚು ಸರ್ಕಾರದ್ದು. ನಾಯಿ ಬದುಕಿರುವವರೆಗೆ ಅವರಿಬ್ಬರನ್ನು ವರ್ಗಾವಣೆಯ ಹೆಸರಿನಲ್ಲಿಯೂ ಅಗಲಿಸಬಾರದು. ಮಣಲೇರನು ಕೇಳಿದ್ದೂ ಇದನ್ನೇ.

ಇಷ್ಟು ಬರೆದ ಮೇಲೆ ನನ್ನದೊಂದು ತಪ್ಪನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ.

ನಮ್ಮ ಜಗಳೂರು ಸೀಮೆ ಮಳೆ ಕಡಿಮೆಯ, ಕುರಿ ಹೆಚ್ಚಿನ ಸೀಮೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಿಸಿ, ರಾತ್ರಿಯೆಲ್ಲ ರೊಪ್ಪದ ಬಾಯಲ್ಲಿ ನಾಯಿ ಕಟ್ಟದೆ ಬಿಟ್ಟು ಕುರಿಗಾಹಿಗಳು ಮಲಗುವುದನ್ನು ನೀವೆಲ್ಲ ಬಲ್ಲಿರಿ. ತೋಳದ ಮೊದಲ ಬಾಯಿ ಬೀಳುವುದು ಆ ನಾಯಿಯ ಮೇಲೆ. ಸುತ್ತಲಿನ ಹಳ್ಳಿಯೊಂದರ ಶಾಲೆಯಲ್ಲಿ ನಾನಿದ್ದಾಗ, ಕುರುಬರ ಮನೆಯ ಹುಡುಗನೊಬ್ಬ ಏಳನೆಯ ತರಗತಿಯಲ್ಲಿದ್ದ. ಒಮ್ಮೆ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಕಾರಣ ಕೇಳಿದೆ. “ನಾಯಿ ಸತ್ತಿತ್ತು ಸಾರ್” ಎಂದ. ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. “ತಿಥಿ ಮುಗಿಸಿ ಬಂದೆಯೇನೋ?” ಎಂದು ಕೇಳಿ, ಮಧ್ಯಾಹ್ನದವರೆಗೆ ಹೊರಗೆ ನಿಲ್ಲಿಸಿದೆ. ಅವನು ಅಳಲಿಲ್ಲ. ಬೇಲಿಯ ಕಡೆ ಮುಖ ಮಾಡಿ ನಿಂತೇ ಇದ್ದ.

ಅವನ ತಂದೆ ಕೆಲವು ದಿನಗಳ ನಂತರ ಸಂತೆಯಲ್ಲಿ ಸಿಕ್ಕಾಗ ಉಳಿದದ್ದು ತಿಳಿಯಿತು. ರಾತ್ರಿ ರೊಪ್ಪಕ್ಕೆ ಬಿದ್ದ ತೋಳವನ್ನು ನಾಯಿ ತಡೆದಿತ್ತು. ಒಂದು ಮರಿಯೂ ಹೋಗಲಿಲ್ಲ. ಗಂಟಲು ಹರಿದಿದ್ದ ನಾಯಿ ಎರಡು ದಿನ ಬದುಕಿತ್ತು. ಆ ಎರಡು ದಿನವೂ ಹುಡುಗ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿಯಿಂದ ನೀರು ಹಿಂಡುತ್ತಿದ್ದನಂತೆ. ಮೂರನೆಯ ದಿನ ಬನ್ನಿಗಿಡದ ಬುಡದಲ್ಲಿ ಹೂಳಿ, ಮೇಲೊಂದು ಕಲ್ಲಿಟ್ಟು, ಅಂದಿನ ಮೊದಲ ಹಾಲನ್ನು ಅದರ ಮೇಲೆ ಸುರಿದಿದ್ದರು. ತಂದೆ ಇದನ್ನು ದೂರಾಗಿ ಹೇಳಲಿಲ್ಲ. ಮಗನ ಗೈರುಹಾಜರಿಗೆ ಕ್ಷಮೆ ಕೇಳುವ ದನಿಯಲ್ಲಿ ಹೇಳಿದರು. ನಾನು ಆಗಲಿ ಎಂದು ತಲೆಯಾಡಿಸಿ ಬಂದೆ. ಹುಡುಗನ ಮುಂದೆ ಒಂದು ಮಾತನ್ನೂ ಎತ್ತಲಿಲ್ಲ. ಆಗಿನ ಕಾಲದ ಮೇಷ್ಟರುಗಳಿಗೆ ಮಕ್ಕಳ ಕ್ಷಮೆ ಕೇಳುವ ವಾಡಿಕೆಯೇ ಇರಲಿಲ್ಲ. ಬೆಂಗಳೂರಿನ ಪ್ರವಾಸ ಅದೇ ವರ್ಷದ್ದು. ಹಣ ಕಟ್ಟಲಾಗದೆ ಅವನು ಬರಲಿಲ್ಲ. ನಲವತ್ತು ಮಂದಿಯಲ್ಲಿ ಆ ಕಲ್ಲನ್ನು ನಿಂತು ನೋಡಬೇಕಾಗಿದ್ದವನು ಅವನೊಬ್ಬನೇ.

ಅವನು ಪ್ರೌಢಶಾಲೆಯನ್ನು ಮುಗಿಸಲಿಲ್ಲ. ಈಗ ಎಲ್ಲಿದ್ದಾನೋ ಅರಿಯೆ. ಆ ತರಗತಿಯವರು ಯಾರಾದರೂ ಇದನ್ನು ಓದಿದರೆ, ನಾನು ಯಾರ ವಿಷಯ ಬರೆದಿದ್ದೇನೆಂಬುದು ನಿಮಗೆ ತಿಳಿಯುತ್ತದೆ. ಅವನನ್ನು ಕಂಡರೆ ಮೇಷ್ಟರು ಕ್ಷಮೆ ಕೇಳಿದರೆಂದು ಹೇಳಿ. ಆ ನಾಯಿಯ ಹೆಸರೇನಿತ್ತೆಂದೂ ಕೇಳಿ, ನನಗೆ ತಿಳಿಸಿ.